ಒಂದು ಎಳನೀರು, ಎಂಟು ಸೆಮಿಸ್ಟರ್: ಬಿಎಸ್ಸಿ ನರ್ಸಿಂಗ್ ಓದನ್ನು ಹೊಂದಿಸಿಕೊಳ್ಳುವ ಬಗೆ

(ಬಿಎಸ್ಸಿ ನರ್ಸಿಂಗ್ ಸೇರಿದ ಹೊಸ ವಿದ್ಯಾರ್ಥಿಗಳು, ಅವರ ಮನೆಯವರು ಮತ್ತು ಕೆಲವು ಕಿರಿಯ ಅಧ್ಯಾಪಕರ ಮುಂದೆ ಮಾತಾಡಿದ್ದನ್ನು ಇಲ್ಲಿ ಬರೆದಿದ್ದೇನೆ. ಮಾತಿನಲ್ಲಿ ಬಂದದ್ದನ್ನು ಹೆಚ್ಚು ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನಲ್ಲಿ ಕೂತ ಅಪ್ಪ ಅಮ್ಮಂದಿರಿಗೆ ವಿಶೇಷವಾಗಿ. ಬೆಳಗಿನ ಬಸ್ಸು ಹಿಡಿದು ಬಂದಿದ್ದೀರಿ, ಊಟಕ್ಕೆ ಮುಂಚೆ ಮುಗಿಸುತ್ತೇನೆ.

ಒಂದು ಎಳನೀರಿನಿಂದ ಶುರು ಮಾಡುತ್ತೇನೆ. ನಮ್ಮ ಕಡೆ ಯಾರಾದರೂ ಆಸ್ಪತ್ರೆಗೆ ಸೇರಿದರೆ ನೋಡಲು ಹೋಗುವವರ ಕೈಯಲ್ಲಿ ಏನಿರುತ್ತದೆ? ಬ್ರೆಡ್ಡು, ಮೂಸಂಬಿ, ಎಳನೀರು. ಒಂದು ಮೆಡಿಕಲ್ ವಾರ್ಡಿನಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಒಬ್ಬ ಅಜ್ಜ ಇದ್ದರು. ಮಗಳು ಪ್ರೀತಿಯಿಂದ ಎಳನೀರು ಕೆತ್ತಿಸಿಕೊಂಡು ತಂದಿದ್ದಳು. ಲೋಟಕ್ಕೆ ಬಗ್ಗಿಸುವ ಹೊತ್ತಿಗೆ ನಮ್ಮ ನಾಲ್ಕನೇ ಸೆಮಿಸ್ಟರ್ ಹುಡುಗಿ ಓಡಿ ಹೋಗಿ, "ಅಕ್ಕಾ, ಒಂದು ನಿಮಿಷ, ಅಜ್ಜನಿಗೆ ಇದು ಕೊಡಬೇಡಿ" ಅಂದಳು. ಮಗಳಿಗೆ ಸಿಟ್ಟು ಬಂತು. ಎಳನೀರು ತಂಪು, ಅದರಿಂದ ಏನಾಗುತ್ತದೆ ಅಂತ. ಹುಡುಗಿ ಪಕ್ಕದಲ್ಲಿ ಕೂತು ನಿಧಾನವಾಗಿ ಹೇಳಿದಳು: ಇದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಅಜ್ಜನ ಕಿಡ್ನಿಗೆ ಅದನ್ನು ಹೊರಗೆ ಹಾಕೋ ಶಕ್ತಿ ಇಲ್ಲ, ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಆಮೇಲೆ ಮಗಳೇ ಲೋಟ ಬದಿಗಿಟ್ಟಳು.

ಈ ಒಂದು ನಿಮಿಷದ ಹಿಂದೆ ಎಷ್ಟು ವಿಷಯಗಳಿವೆ ನೋಡಿ. ಪೊಟ್ಯಾಸಿಯಂ ಹೃದಯದ ಸ್ನಾಯುವಿನಲ್ಲಿ ಏನು ಮಾಡುತ್ತದೆ ಅನ್ನೋದು ಮೊದಲ ಸೆಮಿಸ್ಟರಿನ ಫಿಸಿಯಾಲಜಿ. ಯಾವ ಆಹಾರದಲ್ಲಿ ಏನಿದೆ, ಯಾವ ಕಾಯಿಲೆಗೆ ಯಾವ ಪಥ್ಯ ಅನ್ನೋದು ಎರಡನೇ ಸೆಮಿಸ್ಟರಿನ ನ್ಯೂಟ್ರಿಷನ್. ಹೃದಯದ ಕಾಯಿಲೆಗಳು ಮೂರನೆಯದು, ಕಿಡ್ನಿ ನಾಲ್ಕನೆಯದು. ಮಗಳ ಮನಸ್ಸು ನೋಯಿಸದೆ ಹೇಳೋದಿದೆಯಲ್ಲ, ಅದು ಸೈಕಾಲಜಿ. ಪರೀಕ್ಷೆಯಲ್ಲಿ ಇವೆಲ್ಲ ಬೇರೆ ಬೇರೆ ಪೇಪರ್. ಅಜ್ಜನ ಹಾಸಿಗೆ ಪಕ್ಕ ಎಲ್ಲಾ ಒಟ್ಟಿಗೆ ಬರುತ್ತವೆ. ಓದಿಗೆ ಪ್ಲಾನ್ ಮಾಡೋದು ಅಂದರೆ ಪೇಪರುಗಳನ್ನು ಸಾಲಾಗಿ ಮುಗಿಸೋದು ಅಂತ ನಮ್ಮ ಮಕ್ಕಳು ತಿಳಿದಿದ್ದಾರೆ. ನಾನು ಬೇರೆ ರೀತಿ ಹೇಳುತ್ತೇನೆ. ಹಾಸಿಗೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ವಾರ್ಡಿನಲ್ಲಿ ಯಾವಾಗ, ಎಷ್ಟು ಹೊತ್ತು ನಿಲ್ಲಬೇಕು ಅನ್ನೋದನ್ನು ಮೊದಲು ಬರೆದುಕೊಂಡು, ಓದನ್ನು ಅದರ ಸುತ್ತ ಹೊಂದಿಸಿಕೊಳ್ಳಿ.

ಹೀಗೆ ಹೇಳಲು ಒಂದು ಗಟ್ಟಿ ಕಾರಣವಿದೆ.

ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಹೊಸ ಪಠ್ಯಕ್ರಮ ತಂದಿತು. ಅದಕ್ಕೆ ಮುಂಚೆ ವರ್ಷಕ್ಕೊಂದು ಪರೀಕ್ಷೆ ಇತ್ತು, ನಾನು ಓದಿದ್ದೂ ಹಾಗೆಯೇ. ಈಗ ನಾಲ್ಕು ವರ್ಷದಲ್ಲಿ ಎಂಟು ಸೆಮಿಸ್ಟರ್, ಒಟ್ಟು 156 ಕ್ರೆಡಿಟ್. ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಲ್ಲೂ ಈಗ ಇದೇ ಪದ್ಧತಿ. ಒಂದು ಸೆಮಿಸ್ಟರ್ ಅಂದರೆ 20 ವಾರ, ವಾರಕ್ಕೆ 40 ಗಂಟೆ.

ಈಗ ಕ್ರೆಡಿಟ್ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ, ಯಾಕೆಂದರೆ ಎಲ್ಲರೂ ಇಲ್ಲೇ ಎಡವುತ್ತಾರೆ. ತರಗತಿಯ ಪಾಠಕ್ಕೆ 1 ಕ್ರೆಡಿಟ್ ಅಂದರೆ 20 ಗಂಟೆ. ಲ್ಯಾಬಿಗೆ 1 ಕ್ರೆಡಿಟ್ ಅಂದರೆ 40 ಗಂಟೆ. ಕ್ಲಿನಿಕಲ್‌ಗೆ, ಅಂದರೆ ಆಸ್ಪತ್ರೆ ಕೆಲಸಕ್ಕೆ, 1 ಕ್ರೆಡಿಟ್ ಅಂದರೆ 80 ಗಂಟೆ. ಅದೇ ಒಂದು ಕ್ರೆಡಿಟ್, ಆದರೆ ನಾಲ್ಕು ಪಟ್ಟು ಹೊತ್ತು. ಮೂರನೇ ಸೆಮಿಸ್ಟರಿನ ಅಡಲ್ಟ್ ಹೆಲ್ತ್ ನರ್ಸಿಂಗ್, ಅಂದರೆ ದೊಡ್ಡವರ ಕಾಯಿಲೆಗಳ ಆರೈಕೆ, ತಗೊಳ್ಳಿ. ಥಿಯರಿ 7 ಕ್ರೆಡಿಟ್, ಕ್ಲಿನಿಕಲ್ 6 ಕ್ರೆಡಿಟ್. ಕಾಗದದ ಮೇಲೆ ಥಿಯರಿಯೇ ದೊಡ್ಡದಾಗಿ ಕಾಣುತ್ತದೆ ಅಲ್ವಾ? ಗಂಟೆಯಲ್ಲಿ ನೋಡಿದರೆ ಥಿಯರಿ 140, ಕ್ಲಿನಿಕಲ್ 480. ನಾಲ್ಕನೇ ಸೆಮಿಸ್ಟರಿನಲ್ಲಿ ಅದರ ಎರಡನೇ ಭಾಗಕ್ಕೆ ಮತ್ತೆ 480. ಈ ಒಂದೇ ವಿಷಯಕ್ಕೆ ಒಂದು ವರ್ಷದಲ್ಲಿ 960 ಗಂಟೆ ನೀವು ವಾರ್ಡಿನಲ್ಲಿ ನಿಂತಿರುತ್ತೀರಿ. ಕ್ರೆಡಿಟ್ ಪಟ್ಟಿ ನೋಡಿ ಟೈಮ್‌ಟೇಬಲ್ ಹಾಕಿಕೊಂಡ ಮಗುವಿಗೆ ಅಕ್ಟೋಬರ್ ಬರುವಷ್ಟರಲ್ಲಿ ಓದಲು ಹೊತ್ತೇ ಇಲ್ಲ ಅಂತ ಅಳು ಬರುತ್ತದೆ. ಆ ಮಗು ಸೋಮಾರಿ ಅಲ್ಲ. ಲೆಕ್ಕ ತಪ್ಪಾಗಿತ್ತು, ಅಷ್ಟೇ.

ವಾರಕ್ಕೆ ಸರಾಸರಿ ಹಾಕಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಆಸ್ಪತ್ರೆ ವಾರಕ್ಕೆ 8 ಗಂಟೆ. ಎರಡನೆಯದರಲ್ಲಿ 16. ಮೂರನೆಯದರಲ್ಲಿ 24. ಕೊನೆಯ ಸೆಮಿಸ್ಟರಿನ ಇಂಟರ್ನ್‌ಶಿಪ್‌ನಲ್ಲಿ 48. ಕೂತು ಓದುವ ಹೊತ್ತು ಅತಿ ಜಾಸ್ತಿ ಇರೋದು ನೀವು ಈಗ ಇರೋ ಸೆಮಿಸ್ಟರಿನಲ್ಲೇ! ಇದು ಮತ್ತೆ ಸಿಗೋದಿಲ್ಲ. ಹೊಸ ಹಾಸ್ಟೆಲ್, ಹೊಸ ಗೆಳತಿಯರು, ಮನೆ ನೆನಪು, ಇಂಗ್ಲಿಷಿನ ಭಯ, ಇವೆಲ್ಲದರ ನಡುವೆ ಮೊದಲ ಆರು ತಿಂಗಳು ಹಾಗೇ ಕಳೆದುಹೋಗುತ್ತದೆ, ನನಗೆ ಗೊತ್ತು. ಆದರೂ ಹೇಳುತ್ತೇನೆ. ಅನಾಟಮಿ 60 ಗಂಟೆ, ಫಿಸಿಯಾಲಜಿ 60 ಗಂಟೆ. ವಾರಕ್ಕೆ ಮೂರು ಮೂರು. ಇವೆರಡು ಗಟ್ಟಿಯಾದರೆ ಮುಂದಿನ ಮೂರು ವರ್ಷ ಹಗುರ. ಇವನ್ನು ಪರೀಕ್ಷೆಗೆ ಮಾತ್ರ ಓದಿ ಬಿಟ್ಟವರು ಮೂರನೇ ಸೆಮಿಸ್ಟರಿನಲ್ಲಿ, ದಿನವೆಲ್ಲ ವಾರ್ಡಿನಲ್ಲಿ ನಿಂತು ಕಾಲು ಊದಿಕೊಂಡು ಬಂದು, ರಾತ್ರಿ ಹತ್ತಕ್ಕೆ ಹೃದಯದ ಕವಾಟ ಎಷ್ಟು ಅಂತ ಮತ್ತೆ ಮೊದಲಿನಿಂದ ಓದಬೇಕಾಗುತ್ತದೆ.

ಮೊದಲ ಸೆಮಿಸ್ಟರಿನಲ್ಲಿ ಸಮಾಜಶಾಸ್ತ್ರವೂ ಇದೆ, ಮನಃಶಾಸ್ತ್ರವೂ ಇದೆ. ಇವುಗಳನ್ನು ಯಾಕೆ ಓದಬೇಕು ಅಂತ ಕೇಳುವವರಿಗೆ ಅಜ್ಜನ ಮಗಳ ಸಿಟ್ಟನ್ನು ನೆನಪಿಸುತ್ತೇನೆ. ಬಾಣಂತಿಗೆ ನೀರು ಕುಡಿಸಬಾರದು ಅಂತ ಹಟ ಹಿಡಿಯುವ ಅತ್ತೆಯ ಜೊತೆ ಮಾತಾಡೋದು ಹೇಗೆ ಅಂತ ಅನಾಟಮಿ ಪುಸ್ತಕದಲ್ಲಿ ಇರೋದಿಲ್ಲ.

ಇನ್ನು ಫಾರ್ಮಕಾಲಜಿ, ಅಂದರೆ ಔಷಧಗಳ ಪಾಠ. ಇದರ ಬಗ್ಗೆ ಸ್ವಲ್ಪ ಉದ್ದ ಮಾತಾಡುತ್ತೇನೆ, ನನಗೆ ಅತಿ ಕಾಳಜಿ ಇರೋದು ಇದರ ಮೇಲೆ. ಮೂರನೇ ಸೆಮಿಸ್ಟರಿನಲ್ಲಿ ಅದಕ್ಕೆ ಬರೀ 20 ಗಂಟೆ, ವಾರಕ್ಕೆ ಒಂದು ತಾಸು. ಆ ಸೆಮಿಸ್ಟರಿನಲ್ಲಿ ವಿಶ್ವವಿದ್ಯಾಲಯದ ಪರೀಕ್ಷೆಯೂ ಇಲ್ಲ. ನಾಲ್ಕನೆಯದರಲ್ಲಿ ಎರಡನೇ ಭಾಗ 60 ಗಂಟೆ ಬಂದು, ಪೆಥಾಲಜಿ ಮತ್ತು ಜೆನೆಟಿಕ್ಸ್ ಜೊತೆ ಸೇರಿ ಎಲ್ಲಾ ಒಟ್ಟಿಗೆ ಪರೀಕ್ಷೆ. ಏನಾಗುತ್ತದೆ ಹೇಳಿ? ಮೂರನೇ ಸೆಮಿಸ್ಟರಿನಲ್ಲಿ ಎಲ್ಲರೂ ಫಾರ್ಮಕಾಲಜಿ ನೋಟ್ಸ್ ಮಡಚಿಟ್ಟು ಮೈಕ್ರೋಬಯಾಲಜಿ ಓದುತ್ತಾರೆ. ಪರೀಕ್ಷೆ ಇರೋದು ಅದಕ್ಕೆ ತಾನೇ. ಆದರೆ ವಾರ್ಡಿನಲ್ಲಿ ಔಷಧದ ಟ್ರಾಲಿ ತಳ್ಳುವ ಕೆಲಸ ಮೂರನೇ ಸೆಮಿಸ್ಟರಿನಲ್ಲೇ ಶುರುವಾಗಿರುತ್ತದೆ. ಪರೀಕ್ಷೆಯ ಪಟ್ಟಿ ಒಂದು ಹೇಳುತ್ತದೆ, ಹಾಸಿಗೆ ಇನ್ನೊಂದು ಹೇಳುತ್ತದೆ. ಹಾಸಿಗೆಯ ಮಾತು ಕೇಳಿ.

ಇದಕ್ಕೆ ನಾನು ಮಾಡಿಸುವ ಉಪಾಯ ಸಣ್ಣದು. ಜೇಬಿಗೆ ಹಿಡಿಯುವ ಒಂದು ನೋಟ್‌ಬುಕ್. ವಾರ್ಡಿಗೆ ಹೋದ ದಿನ ನಿಮ್ಮ ರೋಗಿಗೆ ಕೊಟ್ಟ ಔಷಧಗಳಲ್ಲಿ ಒಂದೇ ಒಂದನ್ನು ಬರೆಯಿರಿ. ಹೆಸರು, ಯಾಕೆ ಕೊಟ್ಟರು, ಎಷ್ಟು ಕೊಟ್ಟರು, ಕೊಡುವ ಮುಂಚೆ ಏನು ನೋಡಬೇಕು, ಕೊಟ್ಟ ಮೇಲೆ ಏನು ನೋಡಬೇಕು. ಫ್ಯೂರೋಸಮೈಡ್ ಬರೆದಿರಿ ಅಂದುಕೊಳ್ಳಿ. ಮೈಯಲ್ಲಿ ತುಂಬಿದ ನೀರು ಇಳಿಸಲು ಕೊಡುತ್ತಾರೆ. ಅದರ ಜೊತೆ ಪೊಟ್ಯಾಸಿಯಂ ಕೂಡ ಹೊರಗೆ ಹೋಗುತ್ತದೆ. ಸ್ಪಿರೋನೊಲ್ಯಾಕ್ಟೋನ್ ಕೂಡ ಮೂತ್ರ ಹೆಚ್ಚಿಸುವ ಮಾತ್ರೆಯೇ, ಆದರೆ ಅದು ಪೊಟ್ಯಾಸಿಯಂ ಉಳಿಸಿಕೊಳ್ಳುತ್ತದೆ. ಮತ್ತೆ ಎಳನೀರಿಗೇ ಬಂದೆವು ನೋಡಿ! ಹೀಗೆ ಒಂದು ದಿನಕ್ಕೆ ಒಂದು ಔಷಧ ಅಂದರೂ ಪರೀಕ್ಷೆ ಹೊತ್ತಿಗೆ ನೂರರ ಹತ್ತಿರ ಬರುತ್ತವೆ, ಪ್ರತಿಯೊಂದಕ್ಕೂ ಒಂದು ಮುಖ ಇರುತ್ತದೆ. ಮುಖ ಇದ್ದದ್ದು ಮರೆಯೋದಿಲ್ಲ.

ಲೆಕ್ಕವನ್ನೂ ದಿನಾ ಮಾಡಿ. ಡಾಕ್ಟರು 500 ಎಂಎಲ್ ಡ್ರಿಪ್ ನಾಲ್ಕು ಗಂಟೆಯಲ್ಲಿ ಹೋಗಲಿ ಅಂದರು. ಸೆಟ್ಟಿನಲ್ಲಿ 20 ಹನಿಗೆ 1 ಎಂಎಲ್. 500 ಇಂಟು 20, ಭಾಗಿಸು 240 ನಿಮಿಷ. ನಿಮಿಷಕ್ಕೆ ಸುಮಾರು 42 ಹನಿ. ಇದು ಏಳನೇ ಕ್ಲಾಸಿನ ಗಣಿತ, ಆದರೆ ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಮಾಡಬೇಕು. ಇನ್ಸುಲಿನ್ ಇನ್ನೂ ಸೂಕ್ಷ್ಮ. ನಮ್ಮಲ್ಲಿ 1 ಎಂಎಲ್‌ಗೆ 40 ಯೂನಿಟ್ ಇರುವ ಬಾಟಲಿಯೂ ಇದೆ, 100 ಯೂನಿಟ್ ಇರುವುದೂ ಇದೆ. ಎರಡಕ್ಕೂ ಬೇರೆ ಬೇರೆ ಸಿರಿಂಜ್. 40ರ ಸಿರಿಂಜಿನಲ್ಲಿ 100ರ ಇನ್ಸುಲಿನ್ ಎಳೆದರೆ ಎರಡೂವರೆ ಪಟ್ಟು ಡೋಸ್ ಹೋಗುತ್ತದೆ. ರೋಗಿ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು, ಜೀವಕ್ಕೂ ಅಪಾಯ. ಇದನ್ನು ಪರೀಕ್ಷೆ ಹಿಂದಿನ ವಾರ ಕಲಿಯಲು ಆಗೋದಿಲ್ಲ. ಕೈಗೆ ಅಭ್ಯಾಸ ಆಗಬೇಕು.

ಅಧ್ಯಾಪಕರಿಗೆ ಒಂದು ಮಾತು. ನಾನು ಕೆಲಸಕ್ಕೆ ಸೇರಿದ ಮೊದಲ ಕಾಲೇಜಿನಲ್ಲಿ ಮಾಸ್ಟರ್ ರೊಟೇಶನ್ ಪ್ಲಾನ್, ಅಂದರೆ ಯಾವ ಗುಂಪು ಯಾವಾಗ ಯಾವ ವಾರ್ಡಿಗೆ ಅನ್ನೋ ಪಟ್ಟಿ, ಕಚೇರಿಯ ಗೋಡೆಯ ಮೇಲೆ ಇತ್ತು, ಮಕ್ಕಳ ಕೈಯಲ್ಲಿ ಇರಲಿಲ್ಲ. ನಾನು ತರಗತಿಯಲ್ಲಿ ಹಾರ್ಟ್ ಅಟ್ಯಾಕ್ ಪಾಠ ಮಾಡುತ್ತಿದ್ದೆ, ಅವರು ಬೆಳಗ್ಗೆ ಮೂಳೆ ವಾರ್ಡಿನಲ್ಲಿ ಟ್ರಾಕ್ಷನ್ ನೋಡಿಕೊಂಡು ಬರುತ್ತಿದ್ದರು. ಅವರು ಹೃದಯದ ವಾರ್ಡಿಗೆ ಹೋಗುವಷ್ಟರಲ್ಲಿ ನನ್ನ ಪಾಠ ಚರ್ಮದ ಕಾಯಿಲೆಗೆ ಬಂದಿತ್ತು. ಎರಡು ವರ್ಷ ಹಾಗೇ ನಡೆಸಿದೆ. ಆ ಮಕ್ಕಳಿಗೆ ನಾನು ಅನ್ಯಾಯ ಮಾಡಿದೆ ಅಂತ ಈಗಲೂ ಅನಿಸುತ್ತದೆ. ನೂರಕ್ಕೆ ನೂರು ಹೊಂದಿಸಲು ಆಗೋದಿಲ್ಲ ನಿಜ. ಒಂದು ಬ್ಯಾಚನ್ನು ಐದಾರು ಗುಂಪು ಮಾಡಿ ಬೇರೆ ಬೇರೆ ವಾರ್ಡಿಗೆ ಕಳಿಸಲೇಬೇಕು, ಎಲ್ಲರನ್ನೂ ಒಂದೇ ವಾರ್ಡಿಗೆ ತುಂಬಿದರೆ ರೋಗಿಗಳ ಗತಿ ಏನು? ಆದರೆ ಸೆಮಿಸ್ಟರಿನ ಮೊದಲ ದಿನವೇ ಆ ಪ್ಲಾನನ್ನು ಪ್ರತಿ ಮಗುವಿನ ಕೈಗೆ ಕೊಡಬಹುದು. ಮುಂದಿನ ವಾರ ನನ್ನ ಗುಂಪು ಎದೆ ವಾರ್ಡಿಗೆ ಅಂತ ಗೊತ್ತಾದರೆ ಆ ಮಗು ಭಾನುವಾರ ಶ್ವಾಸಕೋಶದ ಹತ್ತು ಪುಟ ಓದಿಕೊಂಡು ಬರುತ್ತದೆ. ಮಕ್ಕಳೇ, ನಿಮಗೆ ಕೊಡದಿದ್ದರೆ ನೀವೇ ಕೇಳಿ. ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ.

ಅಪ್ಪ ಅಮ್ಮಂದಿರಿಗೆ ಹಾಜರಾತಿ ವಿಷಯ ಹೇಳಲೇಬೇಕು. ಪರೀಕ್ಷೆಗೆ ಕೂರಲು ಥಿಯರಿಯಲ್ಲೂ ಪ್ರಾಕ್ಟಿಕಲ್‌ನಲ್ಲೂ 80 ಶೇಕಡಾ ಹಾಜರಾತಿ ಬೇಕು. ಆದರೆ ಡಿಗ್ರಿ ಕೈಗೆ ಬರಬೇಕಾದರೆ ಪ್ರಾಕ್ಟಿಕಲ್‌ನಲ್ಲಿ 100 ಶೇಕಡಾ ಆಗಬೇಕು. ತಪ್ಪಿದ ಒಂದೊಂದು ದಿನವನ್ನೂ ಮತ್ತೆ ಮಾಡಿ ತುಂಬಬೇಕು. ಅಣ್ಣನ ಮದುವೆ, ಊರ ಜಾತ್ರೆ, ಅಜ್ಜಿಯ ತಿಥಿ, ಇವೆಲ್ಲ ಇರುತ್ತವೆ, ಮಕ್ಕಳು ಬರಬಾರದು ಅಂತ ನಾನು ಹೇಳುತ್ತಿಲ್ಲ. ವರ್ಷದ ಶುರುವಿನಲ್ಲೇ ಮಗಳ ಜೊತೆ ಕೂತು ಕ್ಯಾಲೆಂಡರ್ ನೋಡಿ, ಯಾವ ದಿನ ಥಿಯರಿ, ಯಾವ ದಿನ ಪೋಸ್ಟಿಂಗ್, ಅಂದರೆ ಆಸ್ಪತ್ರೆ ಕೆಲಸ, ಅಂತ ತಿಳಿದುಕೊಂಡು ಕರೆಸಿಕೊಳ್ಳಿ. ಹಿಂದಿನ ರಾತ್ರಿ ಫೋನ್ ಮಾಡಿ, ಸುಮ್ನೆ ಬಸ್ ಹತ್ತು ಅನ್ನಬೇಡಿ. ಗಂಡುಮಕ್ಕಳ ಅಪ್ಪಂದಿರಿಗೂ ಇದೇ ಮಾತು. ಈ ಸಭೆಯಲ್ಲಿ ಹನ್ನೊಂದು ಹುಡುಗರಿದ್ದಾರೆ, ನೋಡಿ ಖುಷಿಯಾಯಿತು.

ಎಲೆಕ್ಟಿವ್, ಅಂದರೆ ನೀವೇ ಆರಿಸಿಕೊಳ್ಳುವ ವಿಷಯಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಒಟ್ಟು ಮೂರು ಮಾಡಬೇಕು, ಒಂದೊಂದು 20 ಗಂಟೆಯದು. ಮೊದಲನೆಯದನ್ನು ನಾಲ್ಕನೇ ಸೆಮಿಸ್ಟರಿನ ಒಳಗೆ ಮುಗಿಸಬೇಕು. ಪಟ್ಟಿಯಲ್ಲಿ ಡಯಾಬಿಟಿಸ್ ಕೇರ್ ಇದೆ. ಸಿಕ್ಕಿದರೆ ಅದನ್ನೇ ತಗೊಳ್ಳಿ ಅನ್ನೋದು ನನ್ನ ಅಭಿಪ್ರಾಯ. ಯಾವ ವಾರ್ಡಿಗೆ ಹೋದರೂ ಸಕ್ಕರೆ ಕಾಯಿಲೆಯವರು ಇದ್ದೇ ಇರುತ್ತಾರೆ.

ಈಗ ಭಾಷೆ. ನಿಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಅಂತ ಪ್ರಿನ್ಸಿಪಾಲರು ಹೇಳಿದರು. ಪಠ್ಯ ಇಂಗ್ಲಿಷ್, ಪರೀಕ್ಷೆ ಇಂಗ್ಲಿಷ್. ಮೊದಲ ಸೆಮಿಸ್ಟರಿನಲ್ಲಿ ಕಮ್ಯುನಿಕೇಟಿವ್ ಇಂಗ್ಲಿಷ್ 40 ಗಂಟೆ ಇದೆ, ಅಷ್ಟರಲ್ಲಿ ಭಾಷೆ ಬರೋದಿಲ್ಲ, ನಿಜ ಹೇಳಬೇಕು. ಆದರೆ ಈ ಮಾತಿನ ಇನ್ನೊಂದು ಬದಿಯನ್ನು ಯಾರೂ ನಿಮಗೆ ಹೇಳೋದಿಲ್ಲ. ವಾರ್ಡಿನಲ್ಲಿ ರೋಗಿ ಇಂಗ್ಲಿಷ್ ಮಾತಾಡೋದಿಲ್ಲ. "ಎದೆ ಹಿಡ್ದಂಗಾಗ್ತದವ್ವಾ" ಅನ್ನುತ್ತಾರೆ. "ಕಾಲು ಜೋಮು ಹಿಡೀತದೆ," "ಉರಿಮೂತ್ರ," "ಕಣ್ಣಿಗೆ ಕತ್ತಲೆ ಬಂತು" ಅನ್ನುತ್ತಾರೆ. ಕಲಬುರಗಿಯ ಅಜ್ಜಿ ಒಂದು ರೀತಿ ಹೇಳಿದರೆ ಮಂಗಳೂರಿನ ಅಜ್ಜಿ ಇನ್ನೊಂದು ರೀತಿ. ಇದು ನಿಮಗೆ ಅರ್ಥವಾಗುತ್ತದೆ. ದೂರದ ರಾಜ್ಯದಿಂದ ಬಂದ ನಿಮ್ಮ ಸಹಪಾಠಿಗೆ ಅರ್ಥವಾಗೋದಿಲ್ಲ, ಅವಳ ಇಂಗ್ಲಿಷ್ ಎಷ್ಟೇ ಚೆನ್ನಾಗಿದ್ದರೂ. ಹಾಗಾಗಿ ಇಬ್ಬರು ಜೋಡಿಯಾಗಿ. ನೋಟ್‌ಬುಕ್ಕಿನ ಹಾಳೆಯನ್ನು ಎರಡು ಭಾಗ ಮಾಡಿ. ಎಡಗಡೆ ರೋಗಿ ಹೇಳಿದ ಮಾತು ಹೇಳಿದ ಹಾಗೆಯೇ, ಬಲಗಡೆ ಅದಕ್ಕೆ ಕೇಸ್ ಶೀಟಿನಲ್ಲಿ ಬರೆಯುವ ಪದ. ಜೋಮು ಅಂದರೆ ನಂಬ್‌ನೆಸ್, ಉರಿಮೂತ್ರ ಅಂದರೆ ಡಿಸ್ಯೂರಿಯಾ. ನೀವು ಅವಳಿಗೆ ಎಡಗಡೆ ಕಲಿಸಿ, ಅವಳು ನಿಮಗೆ ಬಲಗಡೆ ಕಲಿಸಲಿ. ಎರಡನೇ ಸೆಮಿಸ್ಟರಿನಲ್ಲಿ ಹೆಲ್ತ್ ಅಸೆಸ್‌ಮೆಂಟ್ ಅನ್ನೋ ಮಾಡ್ಯೂಲ್ ಬರುತ್ತದೆ, ಆಗ ಈ ನೋಟ್‌ಬುಕ್ಕಿನ ಬೆಲೆ ಗೊತ್ತಾಗುತ್ತದೆ.

ಐದರಿಂದ ಏಳನೇ ಸೆಮಿಸ್ಟರಿನ ಬಗ್ಗೆ ಇವತ್ತು ಜಾಸ್ತಿ ಹೇಳೋದಿಲ್ಲ, ನಿಮಗೆ ಅದು ದೂರ. ಮಕ್ಕಳ ಆರೋಗ್ಯ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ, ಹೆರಿಗೆ. ಏಳನೆಯದರಲ್ಲಿ ಸಂಶೋಧನೆಯ ಪ್ರಾಜೆಕ್ಟ್. ಅದಕ್ಕೆ ವಿಷಯ ಹುಡುಕಲು ಏಳನೇ ಸೆಮಿಸ್ಟರ್ ತನಕ ಕಾಯಬೇಡಿ. ವಾರ್ಡಿನಲ್ಲಿ "ಇದು ಯಾಕೆ ಹೀಗೆ?" ಅಂತ ಅನಿಸಿದ ದಿನ ಆ ಪ್ರಶ್ನೆಯನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಡಿ.

ಇಂಟರ್ನ್‌ಶಿಪ್ 22 ವಾರ. ಅಡಲ್ಟ್ ಹೆಲ್ತ್ 6 ವಾರ, ಉಳಿದ ನಾಲ್ಕು ವಿಭಾಗ ತಲಾ 4 ವಾರ. ವಾರಕ್ಕೆ 48 ಗಂಟೆಯಂತೆ ಒಟ್ಟು 1056 ಗಂಟೆ. ಅಷ್ಟು ಹೊತ್ತಿಗೆ ಓದಿ ಮುಗಿದಿರಬೇಕು. ಅಲ್ಲಿ ಓದಿಕೊಳ್ಳುತ್ತೇನೆ ಅಂದುಕೊಂಡವರು ಸಿಕ್ಕಿಬೀಳುತ್ತಾರೆ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬರು ತಂದೆ ಎದ್ದು ನಿಂತು, "ಮೇಡಂ, ನನ್ನ ಮಗನಿಗೆ ಫಾರಿನ್ನಿಗೆ ಹೋಗೋ ಆಸೆ. ಅದಕ್ಕೆ ಈಗಿನಿಂದಲೇ ಏನಾದರೂ ಕೋಚಿಂಗ್ ಬೇಕಾ?" ಅಂತ ಕೇಳಿದರು. ಈಗ ಬೇಡ ಅಂದೆ. ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಪರೀಕ್ಷೆ ಇದೆ, ಬ್ರಿಟನ್ನಿಗೆ ಕಂಪ್ಯೂಟರ್ ಪರೀಕ್ಷೆಯ ಜೊತೆ ಕೈಕೆಲಸ ನೋಡುವ ಓಸ್ಕಿ ಇದೆ, ಗಲ್ಫ್ ದೇಶಗಳಿಗೆ ಅವರದೇ ಪರೀಕ್ಷೆಗಳಿವೆ. ಇವೆಲ್ಲ ರೋಗಿಯ ಮುಂದೆ ನೀವು ಏನು ನಿರ್ಧಾರ ಮಾಡುತ್ತೀರಿ ಅಂತ ಕೇಳುತ್ತವೆ, ಬಾಯಿಪಾಠ ಕೇಳೋದಿಲ್ಲ. ಅದಕ್ಕಿಂತ ಮುಖ್ಯವಾದ ಒಂದು ವಿಷಯ ಆ ತಂದೆಗೆ ಹೇಳಿದೆ. ಹೊರದೇಶಕ್ಕೆ ಅರ್ಜಿ ಹಾಕುವಾಗ ಯಾವ ವಿಷಯಕ್ಕೆ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ಆಸ್ಪತ್ರೆ ಅಂತ ಲೆಕ್ಕ ಕೇಳುತ್ತಾರೆ. ಲಾಗ್ ಬುಕ್ಕನ್ನು, ಅಂದರೆ ವಾರ್ಡಿನಲ್ಲಿ ಮಾಡಿದ ಕೆಲಸ ಬರೆದಿಡುವ ಪುಸ್ತಕವನ್ನು, ಅವತ್ತಿನದು ಅವತ್ತೇ ಬರೆದು ಸಹಿ ಮಾಡಿಸಿಕೊಂಡವರಿಗೆ ತೊಂದರೆಯಿಲ್ಲ. ಕೊನೆಯ ವಾರ ಕೂತು ತುಂಬಿಸುವುದು ರೋಗಿಗೂ ಮೋಸ, ತನಗೂ ಮೋಸ.

ಒಬ್ಬ ಹುಡುಗ ದಿನಕ್ಕೆ ಎಷ್ಟು ಗಂಟೆ ಓದಬೇಕು ಅಂತ ಕೇಳಿದ. ಪೋಸ್ಟಿಂಗ್ ಇದ್ದ ದಿನ ಒಂದೂವರೆ ತಾಸು ಸಾಕು, ಆದರೆ ಅವತ್ತು ನೋಡಿದ ರೋಗಿಯ ಕಾಯಿಲೆಯನ್ನೇ ಓದು ಅಂದೆ. ತರಗತಿ ಮಾತ್ರ ಇದ್ದ ದಿನ ಮೂರು ತಾಸು. ನಿದ್ದೆ ಬಿಟ್ಟು ಓದಬೇಡ. ನಿದ್ದೆಗೆಟ್ಟ ಕೈಯಲ್ಲಿ ಇನ್ಸುಲಿನ್ ಸಿರಿಂಜ್ ಇರಬಾರದು.

ಕೊನೆಯಲ್ಲಿ ಎಲ್ಲರೂ ಊಟಕ್ಕೆ ಎದ್ದ ಮೇಲೆ ಒಬ್ಬ ಹುಡುಗಿ ವೇದಿಕೆ ಹತ್ತಿರ ಬಂದಳು. ಸಣ್ಣ ದನಿಯಲ್ಲಿ, "ಮೇಡಂ, ನಂಗೆ ರಕ್ತ ನೋಡಿದ್ರೆ ತಲೆ ಸುತ್ತುತ್ತೆ. ನಾನು ಈ ಕೋರ್ಸ್ ತಗೊಂಡಿದ್ದೇ ತಪ್ಪಾ?" ಅಂತ ಕೇಳಿದಳು. ತಪ್ಪಲ್ಲ. ತುಂಬಾ ಜನಕ್ಕೆ ಮೊದಲು ಹಾಗಾಗುತ್ತದೆ, ನೋಡ್ತಾ ನೋಡ್ತಾ ಕಡಿಮೆಯಾಗುತ್ತದೆ. ಇದನ್ನೂ ಪ್ಲಾನಿನಲ್ಲಿ ಸೇರಿಸಿಕೋ ಅಂದೆ. ಮೊದಲ ಪೋಸ್ಟಿಂಗಿಗೆ ಮುಂಚೆಯೇ ಕ್ಲಿನಿಕಲ್ ಟೀಚರಿಗೆ ಹೇಳಿಬಿಡು, ಮುಚ್ಚಿಡಬೇಡ. ಡ್ರೆಸ್ಸಿಂಗ್ ನೋಡುವಾಗ ಗೋಡೆಯ ಹತ್ತಿರ ನಿಲ್ಲು, ಬೆವರು ಬಂದು ಕಿವಿ ಮುಚ್ಚಿದ ಹಾಗಾದರೆ ತಕ್ಷಣ ನೆಲದ ಮೇಲೆ ಕೂತುಬಿಡು, ನಾಚಿಕೆ ಬೇಡ. ತೊಡೆ, ಕಾಲಿನ ಸ್ನಾಯು ಬಿಗಿ ಹಿಡಿದರೂ ಸ್ವಲ್ಪ ತಡೆಯುತ್ತದೆ.

ಪೋಸ್ಟಿಂಗ್ ಯಾವಾಗ ಅಂತ ಕೇಳಿದೆ. ಬರುವ ಗುರುವಾರ, ಏಳೂವರೆಗೆ ಬಸ್ಸು, ಹಾಸ್ಟೆಲಿನಲ್ಲಿ ತಿಂಡಿ ಎಂಟಕ್ಕೆ ಕೊಡೋದು ಅಂದಳು. ಅಲ್ಲೇ ಇದ್ದ ಪ್ರಿನ್ಸಿಪಾಲರನ್ನು ಕರೆದು, ಪೋಸ್ಟಿಂಗ್ ಇರುವ ದಿನ ಮಕ್ಕಳಿಗೆ ತಿಂಡಿ ಏಳಕ್ಕೇ ಸಿಗುವ ಹಾಗೆ ಮಾಡಲು ಆಗುತ್ತದಾ ಅಂತ ಕೇಳಿದೆ. ಅವರು ಅಡುಗೆಯವರ ಜೊತೆ ಮಾತಾಡಲು ಆಗಲೇ ಹೋದರು.